ನೂಲು ತೊಳೆಯುವ ಕಲ್ಲಿನ ಮೇಲೆ ಕಂಡದ್ದು

ಯಾರಾದರೂ ನನ್ನೆದುರು "ನಾ ಕಣ್ಣಾರೆ ಕಂಡೇನ್ರಿ" ಎಂದರೆ ಸಾಕು, ನನ್ನ ಬಲಗೈಯ ತೋರುಬೆರಳು ನನ್ನನ್ನು ಕೇಳದೆ ತಾನೇ ಮೇಲೇಳುತ್ತದೆ. ಮೊನ್ನೆ ಜಮಖಂಡಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಹಾಗೇ ಆಯಿತು. ಪಕ್ಕದ ಬಾಕಿನ ಮೇಲೆ ಕೂತಿದ್ದ ಹಿರಿಯರೊಬ್ಬರು ತಮ್ಮ ಹೊಲದಲ್ಲಿ ಎರಡು ತಲೆಯ ಹಾವು ಕಂಡದ್ದನ್ನು ನಾಲ್ಕು ಜನರಿಗೆ ಹೇಳುತ್ತಿದ್ದರು. ಬೆರಳು ಎದ್ದಿತು.

"ಎರಡೂ ತಲಿ ಒಂದ ಕಡೆ ಇದ್ದವೋ, ಎರಡು ತುದಿಗೆ ಇದ್ದವೋ?"

"ಎರಡು ತುದಿಗೆರಿ."

"ಹಂಗಾದ್ರ ಬಾಲ ಎಲ್ಲಿತ್ತರಿ?"

ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಸಾವಳಗಿ ಬಸ್ಸು ಹತ್ತಿ ಕೂತರು. ಆ ಬಸ್ಸು ಹೊರಡಲು ಇನ್ನೂ ಬಹಳ ಹೊತ್ತಿತ್ತು. ಡ್ರೈವರು ನನ್ನ ಪಕ್ಕದಲ್ಲೇ ಕೂತು ಭಜಿ ತಿನ್ನುತ್ತಿದ್ದ. ಬಿಸಿಲಿನಲ್ಲಿ ಕಾದ ತಗಡಿನ ಬಸ್ಸಿನಲ್ಲಿ ಅವರೊಬ್ಬರೇ ನೆಟ್ಟಗೆ ಕೂತಿದ್ದು ನೋಡಿ ನನಗೆ ಗೆದ್ದ ಖುಷಿಗಿಂತ ಬೇರೆ ಏನೋ ನೆನಪಾಯಿತು. ಇದೇ ಪ್ರಶ್ನೆಯ ಬಾಯಿಗೆ ಒಮ್ಮೆ ನಾನೂ ಸಿಕ್ಕಿದ್ದೆ. ನಾನು ಹತ್ತಿ ಕೂತುಕೊಳ್ಳಲು ಹತ್ತಿರದಲ್ಲಿ ಒಂದು ಬಸ್ಸೂ ಇರಲಿಲ್ಲ.

ಈ ಚಟವನ್ನು ನನಗೆ ಕಾಲೇಜು ಕಲಿಸಿತು ಎಂದು ನಮ್ಮವ್ವ ನಂಬಿದ್ದಾಳೆ. ಸುಳ್ಳು. ಕಾಲೇಜು ಅದಕ್ಕೆ ಹಿತ್ತಾಳೆಯ ಕಪ್ಪುಗಳನ್ನು ಮಾತ್ರ ಕೊಟ್ಟಿತು. ವಾದವಿವಾದದಲ್ಲಿ ಗೆದ್ದ ಆ ಕಪ್ಪುಗಳಲ್ಲಿ ದೊಡ್ಡದರಲ್ಲಿ ಅವ್ವ ಈಗ ಜೋಳದ ಹಿಟ್ಟು ಅಳೆಯುತ್ತಾಳೆ, ಸಣ್ಣದರಲ್ಲಿ ಉಪ್ಪಿಡುತ್ತಾಳೆ. ಚಟ ಮಾತ್ರ ಹುಟ್ಟಿನಿಂದಲೇ ಬಂದದ್ದು. ನಮ್ಮ ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಹಾಳುಬಾವಿಯ ದೆವ್ವದ ಕಥೆ ಹೇಳುತ್ತಿದ್ದಳು. ಆ ದೆವ್ವಕ್ಕೆ ಕಾಲು ಹಿಂದುಮುಂದು. ನಾನಿನ್ನೂ ಚಡ್ಡಿಯ ಲಾಡಿ ಕಟ್ಟಲು ಕಲಿಯದವನು, ಕೇಳಿದೆ: "ಕಾಲು ಹಿಂದುಮುಂದು ಇದ್ರ ಅದು ಬರಾಕತ್ತೈತೋ ಹೋಗಾಕತ್ತೈತೋ ನಿನಗ ಹ್ಯಾಂಗ ತಿಳೀತು ಅಜ್ಜಿ?" ಅಜ್ಜಿ ಬಡಿಯುವ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಅಂದಿನಿಂದ ಅವಳ ಕಥೆಗಳೆಲ್ಲ ಅಕ್ಕನಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ನಾನು ಹೊರಗೆ ನಿಂತು ಬಾಗಿಲಿಗೆ ಕಿವಿ ಹಚ್ಚಿ ಕೇಳುತ್ತಿದ್ದೆ. ಯಾವುದನ್ನೂ ನಂಬುತ್ತಿರಲಿಲ್ಲ. ಆದರೆ ಕೇಳದೆ ಇರಲೂ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ, ನೀವು ಬೇರೆಯವರಿಂದ ಕೇಳುವುದಕ್ಕಿಂತ ಅದೇ ಛಲೋ. ಬೀಳಗಿಯಲ್ಲಿ ಒಮ್ಮೆ "ದೆವ್ವವಿಲ್ಲ" ಎಂಬ ಪಕ್ಷ ಹಿಡಿದು ಸಭೆಯನ್ನೆಲ್ಲ ನಗಿಸಿ, ಎದುರಾಳಿಯನ್ನು ಅಳಿಸುವಷ್ಟು ಮಾತಾಡಿ ಗೆದ್ದೆ. ಸಭೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಸ್ಸಿಗೆ ಹೋಗುವ ದಾರಿಯಲ್ಲಿ ಒಂದು ಹುಣಸೆಮರ. ನಾನು ಸೋತವನ ಹೆಗಲ ಮೇಲೆ ಕೈ ಹಾಕಿ, "ನೀನೂ ಭಾಳ ಛಲೋ ಮಾತಾಡಿದಿ ಬಿಡು, ಮಾತಾಡ್ಕೋತ ಬಸ್ಸಿನ ತನಕ ಬಾ" ಅಂದೆ. ಅವನು ಒಳ್ಳೆಯವನು, ಬಂದ. ಮರ ದಾಟಿದ ಮೇಲೆ ಮೆಲ್ಲಗೆ ಕೇಳಿದ: "ಈಗ ನಾ ಒಬ್ಬನ ಹೊಳ್ಳಿ ಹೋಗಬೇಕಲ್ಲ, ನನ್ನ ಯಾರು ಕಳಿಸಿ ಬರ್ತಾರ?" ಅಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ.

ಇಂಥ ನನಗೆ ಬಂದ ಸಂಬಂಧವಾದರೂ ಎಂಥದು! ನಮ್ಮ ಅಕ್ಕನ ಗಂಡ, ಬನಹಟ್ಟಿಯ ಶಿವಪ್ಪ ಭಾವ, ಒಂದು ದಿನ ಸೈಕಲ್ಲಿನ ಮೇಲೆ ಬಂದು, ಬೆವರು ಒರೆಸಿಕೊಳ್ಳುವ ಮೊದಲೇ ಸುದ್ದಿ ತೆಗೆದ. ರಬಕವಿಯ ಈರಪ್ಪನವರ ಮಗಳು ನೀಲವ್ವ. ಮನೆತುಂಬ ಮಗ್ಗ. ಹುಡುಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ನಮ್ಮಪ್ಪ ಜಮಖಂಡಿಯ ತನ್ನ ಅಂಗಡಿಯಲ್ಲಿ ಅವರ ಮನೆಯ ಸೀರೆಗಳನ್ನೇ ಮಾರುತ್ತಿದ್ದರಿಂದ ಅವನ ಒಪ್ಪಿಗೆ ಆಗಲೇ ಸಿಕ್ಕಿತ್ತು.

"ಒಂದ ತೊಡಕು ಐತಿ," ಅಂದ ಭಾವ. "ಈರಪ್ಪನವರು ವರನ್ನ ಹೊಳಿಗೆ ಕರಕೊಂಡ ಹೋಗಿ ಕುಂದ್ರಸ್ತಾರ."

"ಮುಳುಗಿಸಾಕೇನು?"

"ಹಕ್ಕಿ ನೋಡಾಕ."

ಸಂಸ್ಥಾನಗಳೆಲ್ಲ ಮುಂಬಯಿ ರಾಜ್ಯದಲ್ಲಿ ಕರಗಿದ ಹೊಸತರಲ್ಲಿ ಎಲ್ಲೋ ಹಳೆಯ ಸಾಮಾನುಗಳ ಲಿಲಾವು ನಡೆದಿತ್ತಂತೆ. ಉಳಿದವರು ಕುರ್ಚಿ, ಹಂಡೆ, ಜಮಖಾನೆಗಳಿಗೆ ಕೂಗಿದರು. ಈರಪ್ಪನವರು ಒಂದು ದುರ್ಬೀನಿಗೆ ಕೂಗಿದರು. ಮಳೆಗಾಲ ಕಳೆದು ಕೃಷ್ಣೆಯ ನೀರು ಇಳಿದ ಮೇಲೆ ರಬಕವಿಯ ಕೆಳಗೆ ನದಿಯ ಪಕ್ಕ ಒಂದು ತಗ್ಗು ಜೌಗಾಗಿ ಉಳಿಯುತ್ತದೆ. ನಡುವೆ ಮಡು, ಸುತ್ತ ಆಳೆತ್ತರದ ಆಪಿನ ಹುಲ್ಲು. ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಅಲ್ಲಿ ಇಳಿಯುತ್ತವೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಮಗ್ಗದ ಸದ್ದು ಶುರುವಾಗುವ ಮೊದಲು, ಈರಪ್ಪನವರು ಕೊರಳಿಗೆ ದುರ್ಬೀನು ಹಾಕಿಕೊಂಡು ಅಲ್ಲಿ ಕೂಡುತ್ತಾರೆ. ಹಕ್ಕಿಗಳೇನೋ ದಿನಾ ಕಾಣುತ್ತವೆ. ಅವರಿಗೆ ಬೇಕಾದದ್ದು ನೀರುನಾಯಿ. ಅವರ ಅಪ್ಪ ಆ ಮಡುವಿನಲ್ಲಿ ನೀರುನಾಯಿ ಕಂಡಿದ್ದನಂತೆ. ಮಗನಿಗೆ ಇಷ್ಟು ವರ್ಷ ಕೂತರೂ ಒಮ್ಮೆಯೂ ಕಂಡಿಲ್ಲ.

ನೀರುನಾಯಿಯ ಬಗ್ಗೆ ನನ್ನ ನಿಲುವು ಮೊದಲೇ ಸ್ಪಷ್ಟವಿತ್ತು. ನಮ್ಮ ಸೀಮೆಯಲ್ಲಿ ನಾಯಿ ಎಂದರೆ ಮುಧೋಳದ್ದು: ಉದ್ದ ಮೋರೆ, ಒಳಸೇರಿದ ಹೊಟ್ಟೆ, ಮೊಲ ಕಂಡರೆ ಬಾಣ. ಅದನ್ನು ಕಾಣಬಹುದು, ಮುಟ್ಟಬಹುದು, ಅದರಿಂದ ಕಚ್ಚಿಸಿಕೊಳ್ಳಬಹುದು. ನಾನು ಒಮ್ಮೆ ಕಚ್ಚಿಸಿಕೊಂಡೂ ಇದ್ದೇನೆ. ನೀರಿನ ನಾಯಿಯನ್ನು ಮಾತ್ರ ಕಂಡವರು ಯಾವಾಗಲೂ ಸತ್ತವರು, ಇಲ್ಲವೇ ಬೇರೆ ಊರಿನವರು. ಬದುಕಿದ್ದು, ಇದೇ ಊರಿನಲ್ಲಿದ್ದು, ಪಾಟೀಸವಾಲಿಗೆ ಸಿಗುವ ಸಾಕ್ಷಿ ಒಬ್ಬನೂ ಇರಲಿಲ್ಲ.

"ಹಿಂದ ಮೂರು ವರ ಬಂದಿದ್ರು," ಭಾವ ದನಿ ತಗ್ಗಿಸಿದ. "ಈರಪ್ಪನವರಿಗೆ ನೀರುನಾಯಿ ಹುಚ್ಚು ಅಂತ ಊರಿಗೇ ಗೊತ್ತಲ್ಲ. ಮೂರೂ ಮಂದಿ 'ಕಂಡೆ ಕಂಡೆ' ಅಂದ್ರು. ಒಬ್ಬಂವ ಅದು ಬೊಗಳಿತು ಅಂದ. ಒಬ್ಬಂವ ಹೋರಿಕರುವಿನಷ್ಟು ಇತ್ತು ಅಂದ. ಮೂರನೇದಾಂವ ಅದಕ್ಕ ಕುದುರಿ ಹಂಗ ಜೂಲು ಹಚ್ಚಿಬಿಟ್ಟ. ಮೂವರಿಗೂ ಉಪ್ಪಿಟ್ಟು ತಿನಿಸಿ ಕಳಿಸಿದ್ರು. ಸುಳ್ಳು ಹೇಳೂ ಅಳಿಯ ಬ್ಯಾಡಂತ ಅವರಿಗೆ. ನೀ ಮಾಡೂದು ಇಷ್ಟ: ಬಾಯಿ ಮುಚ್ಚಿ ಕುಂದ್ರು, ಮನಿಗೆ ಬಂದು 'ಏನೂ ಕಾಣಲಿಲ್ಲ' ಅನ್ನು. ಲಗ್ನ ಆತು ಅಂತ ತಿಳಿ."

ಇಷ್ಟು ಸುಲಭದ ಪಕ್ಷ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಇಲ್ಲದ ಪ್ರಾಣಿಯನ್ನು ಕಾಣಲಿಲ್ಲ ಎನ್ನುವುದಕ್ಕೆ ತಯಾರಿಯಾದರೂ ಏನು ಬೇಕು?

ಸಂಕ್ರಾಂತಿ ಕಳೆದು ಒಂದು ಸಂಜೆ ನಾನೂ ಭಾವನೂ ರಬಕವಿಗೆ ಹೋದೆವು. ಪಡಸಾಲೆಯಲ್ಲಿ ಕೂಡಿಸಿದರು. ಈರಪ್ಪನವರು ತೆಳ್ಳಗಿನ, ಎತ್ತರದ, ಮಾತಿಗೆ ಮೊದಲು ಎರಡು ಸಲ ಕಣ್ಣು ಮಿಟುಕಿಸುವ ಮನುಷ್ಯ. ಅವರ ತಾಯಿ, ಮನೆಯವರೆಲ್ಲ ಆಯಿ ಎಂದು ಕರೆಯುವ ಮುದುಕಿ, ಕಂಬಕ್ಕೆ ಆತು ಕೂತು ನನ್ನನ್ನು ಸೀರೆಯ ಸೆರಗು ನೋಡಿದ ಹಾಗೆ ತಿರುವಿ ತಿರುವಿ ನೋಡಿದಳು. ನೀಲವ್ವ ಅವಲಕ್ಕಿಯ ತಾಟು ಇಟ್ಟು ಕೂತಳು.

"ಏನರ ಕೇಳ್ರಿ ವಕೀಲರ," ಅಂದರು ಈರಪ್ಪನವರು. ನಾನಿನ್ನೂ ಜಮಖಂಡಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಚೀಲ ಹೊರುವವನು. ಆದರೂ ಗಂಟಲು ಸರಿಮಾಡಿಕೊಂಡು ಕೇಳಿದೆ: "ಮಗ್ಗ ನೇಯಾಕ ಬರತೈತೇನ್ರಿ?"

"ಬರತೈತ್ರಿ," ಅಂದಳು ನೀಲವ್ವ. "ನಿಮಗ?"

ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಹರಿದ ಎಳೆ ಗಂಟು ಹಾಕಲೂ ಬಾರದು.

"ನಾ ವಕೀಲಿ ಕಲ್ತೇನ್ರಿ," ಅಂದೆ.

"ಅದು ಉತ್ತರ ಅಲ್ಲರಿ," ಅಂದಳು ಅವಳು, ತಲೆ ಬಗ್ಗಿಸಿಯೇ.

ನನ್ನನ್ನು ಸೋಲಿಸಲು ಎಷ್ಟೋ ಜನ ಎಷ್ಟೋ ಹೊತ್ತು ಮಾತಾಡಿದ್ದಾರೆ. ಇಷ್ಟು ಚಿಕ್ಕದಾಗಿ ಯಾರೂ ಮುಗಿಸಿರಲಿಲ್ಲ. ತಾಟಿನ ಅವಲಕ್ಕಿಗೆ ಉಪ್ಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಹುಡುಗಿಯೊಡನೆ ಮುಂದಿನ ನಲವತ್ತು ವರ್ಷ ವಾದ ಮಾಡಿ ಸೋಲಬೇಕು ಎಂಬುದು ಮಾತ್ರ ಅಲ್ಲೇ, ಆಗಲೇ ಗಟ್ಟಿಯಾಯಿತು. ನಾಳೆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿರುವುದು ಇನ್ನು ತಮಾಷೆಯ ಮಾತಾಗಿ ಉಳಿಯಲಿಲ್ಲ.

ಏಳುವಾಗ ಈರಪ್ಪನವರು ಹೇಳಿದರು: "ನನ್ನ ಮಗಳನ್ನ ನೀವು ಒಂದ ತಾಸು ನೋಡಿದ್ರಿ. ನಾ ನಿಮ್ಮನ್ನ ಒಂದ ಮುಂಜಾನಿ ನೋಡಬ್ಯಾಡೇನು? ಅಲ್ಲೆ ಮಾತು ಇಲ್ಲ. ಮಾತೇನಿದ್ರೂ ಮನಿಗೆ ಬಂದ ಮ್ಯಾಲ."

ಬೆಳಗಿನ ಚಳಿಯಲ್ಲಿ ಇಬ್ಬರೇ ಹೊಳೆಗೆ ಇಳಿದೆವು. ಮಡುವಿನ ದಂಡೆಗೆ ಒಂದು ದೊಡ್ಡ ಚಪ್ಪಟೆ ಕಲ್ಲು, ಅರ್ಧ ನೀರಿಗೆ, ಅರ್ಧ ಕೆಸರಿಗೆ. ಬಣ್ಣ ಹಾಕಿದ ನೂಲನ್ನು ಓಣಿಯ ಹೆಂಗಸರು ಅದರ ಮೇಲೆ ತೊಳೆಯುತ್ತಾರೆ. ಈರಪ್ಪನವರು ದಿನಾ ಕೂಡುವುದೂ ಅದರ ಮೇಲೆಯೇ. ಕಲ್ಲಿನ ನಡುವೆ ಕರ್ರಗೆ ಏನೋ ಮೆತ್ತಿತ್ತು, ಮೂಗು ಮುಚ್ಚುವ ಹಾಗೆ ನಾರುತ್ತಿತ್ತು. ಈರಪ್ಪನವರು ಅದು ದಿನದ ಸಂಗತಿ ಎಂಬಂತೆ ಕೈಯಲ್ಲಿ ತೆಂಗಿನ ನಾರು ಹಿಡಿದು ತೊಳೆಯಲು ಬಗ್ಗಿದರು. ಇಲ್ಲಿ ನನ್ನ ಬಾಯಿ ತೆರೆಯಿತು.

"ಇದರ ಮ್ಯಾಲ ಯಾಕ ಕುಂದ್ರಬೇಕ್ರಿ? ಒಂದು, ಕಲ್ಲು ಒದ್ದಿ ಐತಿ. ಎರಡು, ನಾವು ಬಯಲಾಗ ಕಾಣ್ತೇವಿ, ಹಕ್ಕಿ ಹೆದರತಾವ. ಮೂರು, ಅಗೋ ಆ ಜಾಲಿಗಿಡದ ಮರಿಗೆ ಕುಂತ್ರ ನಾವು ಎಲ್ಲಾ ನೋಡಬಹುದು, ನಮ್ಮನ್ನ ಯಾವುದೂ ನೋಡೂದಿಲ್ಲ."

ನಿಜವಾದ ಕಾರಣ ನಾಲ್ಕನೆಯದು: ನನ್ನ ಧೋತರ ಹೊಸದು. ಅದನ್ನು ನಾನು ಸಭೆಯ ಮುಂದಿಡಲಿಲ್ಲ. ಈರಪ್ಪನವರು ಎರಡು ಸಲ ಕಣ್ಣು ಮಿಟುಕಿಸಿ, ತೊಳೆಯುವುದನ್ನು ಬಿಟ್ಟು ಜಾಲಿಗಿಡದ ಕಡೆ ನಡೆದರು. ವಾದ ಗೆದ್ದೆ. ಅವರ ಬೆನ್ನು ನೋಡಿದರೆ ಮದುವೆ ಅಷ್ಟೇ ದೂರ ಹೋಗುತ್ತಿದ್ದಂತೆ ಕಂಡಿತು.

ಸುಮ್ಮನೆ ಕೂಡುವುದು ಎಂದರೆ ಏನೆಂದು ನಾನು ಅಲ್ಲಿಯವರೆಗೆ ತಿಳಿದಿರಲಿಲ್ಲ. ಮಂಜು ನೀರಿನ ಮೇಲೆ ಹಾಸಿಕೊಂಡು ಮಲಗಿತ್ತು. ಅದರೊಳಗಿಂದ ಬಾತುಗಳ ಗೊಣಗಾಟ, ಸಂತೆಯ ಹಿಂದಿನ ಓಣಿಯಲ್ಲಿ ನಿಂತರೆ ಕೇಳುವಂಥದು. ಬೆಳಕು ಬಂದಂತೆ ಬೆಳ್ಳಕ್ಕಿಗಳು ಒಂದೊಂದಾಗಿ ಮೂಡಿದವು, ಕೆಸರಿನಲ್ಲಿ ಕಾಲೆತ್ತಿ ಇಡುವಾಗ ನನ್ನ ಹಾಗೇ ಧೋತರದ ಚಿಂತೆ ಇದ್ದಂತೆ. ತಲೆಯ ಮೇಲೆ ಎರಡು ಕರಿಯ ಪಟ್ಟಿ ಎಳೆದುಕೊಂಡ ದೊಡ್ಡ ಬಾತುಗಳ ಹಿಂಡು ಆಪಿನ ಆಚೆ ಮೇಯುತ್ತಿತ್ತು. ಈರಪ್ಪನವರು ದುರ್ಬೀನನ್ನು ಅತ್ತ ಆಚೆ ದಂಡೆಗೆ ಹಿಡಿದವರು ಶಿಲೆಯಾದರು. ನನ್ನೊಳಗೆ ಮಾತುಗಳು ಕುದಿಯುತ್ತಿದ್ದವು. ಸಹಿಸಲಾರದೆ ಮನಸ್ಸಿನಲ್ಲೇ ಒಂದು ಸಭೆ ಕೂಡಿಸಿ, ನಾನೇ ಅಧ್ಯಕ್ಷನಾಗಿ, ನಾನೇ ಎರಡೂ ಪಕ್ಷದಲ್ಲಿ ಮಾತಾಡಿ, ನನಗೇ ಚಪ್ಪಾಳೆ ಹೊಡೆದುಕೊಂಡೆ. ಮೂಗಿನ ತುದಿಗೆ ಒಂದು ಸೀನು ಬಂದು ಕೂತಿತು. ಅದನ್ನು ನುಂಗಿದೆ. ಹಾಗೆ ನುಂಗುವಾಗ ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ಮೋರೆ ಇತ್ತ ತಿರುಗಿಸಿದೆ.

ನೂಲಿನ ಕಲ್ಲಿನ ಪಕ್ಕ ನೀರಿನಿಂದ ಒಂದು ತಲೆ ಎದ್ದಿತು.

ಚಪ್ಪಟೆ ತಲೆ, ಗುಂಡಿಯಷ್ಟು ಸಣ್ಣ ಕಿವಿ, ಯಾವ ಊರಿನ ಗೌಡನಿಗೂ ಒಪ್ಪುವ ಮೀಸೆ. ಅದು ಸುತ್ತಲೂ ನೋಡಿತು. ಆಮೇಲೆ ಸದ್ದಿಲ್ಲದೆ, ನೀರೇ ಗಟ್ಟಿಯಾಗಿ ಮೈ ಪಡೆದಂತೆ, ಕಲ್ಲಿನ ಮೇಲೆ ಹರಿದು ಬಂತು. ಗಿಡ್ಡ ಕಾಲು, ಎಣ್ಣೆ ಹಚ್ಚಿದಂಥ ಕಂದು ಮೈ, ಬುಡದಲ್ಲಿ ತೋಳಿನಷ್ಟು ದಪ್ಪ ಬಾಲ. ಮೈ ಕೊಡವಿತು. ಮುಂಜಾನೆಯ ಬಿಸಿಲಿನಲ್ಲಿ ಹನಿಗಳು ಸಿಡಿದವು. ಕಲ್ಲಿನ ಮೇಲಿನ ಹಳೆಯ ಗಲೀಜನ್ನು ಮೂಸಿತು, ತನ್ನ ಸಾಮಾನು ಇಟ್ಟಲ್ಲೇ ಇದೆಯೇ ಎಂದು ನೋಡಿಕೊಂಡಂತೆ. ಸಮಾಧಾನವಾಯಿತೇನೋ, ಒಂದು ಸುತ್ತು ತಿರುಗಿ ನಮ್ಮ ಕಡೆ ಬೆನ್ನು ಮಾಡಿ, ಬಾಲ ಎತ್ತಿ, ಹಿಂಗಾಲುಗಳನ್ನು ಒಂದಾದ ಮೇಲೊಂದು ಕುಟ್ಟತೊಡಗಿತು. ತಗ್ಗುಮಗ್ಗದಲ್ಲಿ ಕೂತ ನೇಕಾರ ಕಾಲಹಲಗೆ ತುಳಿಯುತ್ತಾನಲ್ಲ, ಥೇಟ್ ಹಾಗೆ. ಅದೇ ತಾಳದಲ್ಲಿ ತನ್ನ ಬೆಳಗಿನ ಕೆಲಸವನ್ನು ಮುಗಿಸಿತು.

ಒಳಗಿನ ಸಭೆ ಎದ್ದು ಹೋಗಿತ್ತು. ಅಧ್ಯಕ್ಷನೂ ಇರಲಿಲ್ಲ.

ಕೈ ಚಾಚಿ ಈರಪ್ಪನವರ ಧೋತರದ ಅಂಚು ಜಗ್ಗಿದೆ. ಅವರು ದುರ್ಬೀನು ಇಳಿಸಿ ಇತ್ತ ತಿರುಗುವಷ್ಟರಲ್ಲಿ ಕಲ್ಲಿನ ಬಳಿ ನೀರಿನ ಒಂದು ಬಳೆ ದೊಡ್ಡದಾಗುತ್ತ ಹೋಗುತ್ತಿತ್ತು. ಅವರು ಹುಬ್ಬೇರಿಸಿದರು. ನಾನು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಮತ್ತೆ ದುರ್ಬೀನನ್ನು ಆಚೆ ದಂಡೆಗೆ ಹಿಡಿದರು.

ಮನೆಗೆ ಹೋಗುವ ದಾರಿಯಷ್ಟು ಉದ್ದದ ದಾರಿಯನ್ನು ನಾನು ನಡೆದಿಲ್ಲ. "ಕಾಣಲಿಲ್ಲ" ಅಂದರೆ ನೀಲವ್ವ ಸಿಗುತ್ತಾಳೆ, ಆದರೆ ಅದು ಸುಳ್ಳು. "ಕಂಡೆ" ಅಂದರೆ ಅದು ಖರೆ, ಆದರೆ ಬೊಗಳುವ ನೀರುನಾಯಿ, ಕರುವಿನಷ್ಟು ನೀರುನಾಯಿ, ಜೂಲಿನ ನೀರುನಾಯಿಗಳ ಸಾಲಿನಲ್ಲಿ ನನ್ನದೂ ಒಂದು ನಿಲ್ಲುತ್ತದೆ. ಸುಳ್ಳು ಹೇಳದ ಅಳಿಯನನ್ನು ಹುಡುಕುವ ಮನುಷ್ಯನ ಮಗಳನ್ನು ಪಡೆಯಲು ಸುಳ್ಳು ಹೇಳಬೇಕು! ಇಂಥ ವಿಷಯವನ್ನು ಯಾವ ಸ್ಪರ್ಧೆಯವರೂ ಇಟ್ಟಿರಲಿಲ್ಲ. ಇಟ್ಟಿದ್ದರೆ ನಾನು ಹೆಸರು ಕೊಡುತ್ತಿರಲಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ಕೂತರು. ನೀಲವ್ವ ಅಡುಗೆಮನೆಯ ಬಾಗಿಲ ಹಿಂದೆ. ಅವಳ ಬಳೆಯ ಸದ್ದಷ್ಟೇ ಇತ್ತ ಬರುತ್ತಿತ್ತು. ಭಾವ ನನ್ನ ಪಕ್ಕ ಕೂತು, ಹಲ್ಲು ಬಿಡುತ್ತ, ತನ್ನ ಕಾಲ ಹೆಬ್ಬೆರಳಿನಿಂದ ನನ್ನ ಕಾಲನ್ನು ಒತ್ತಿ ಹಿಡಿದಿದ್ದ.

ಈರಪ್ಪನವರು ಕಣ್ಣು ಮಿಟುಕಿಸಿದರು. "ಹೇಳ್ರಿ ವಕೀಲರ. ಏನ ಕಂಡ್ರಿ?"

ಭಾವನ ಹೆಬ್ಬೆರಳು ಇನ್ನೂ ಒತ್ತಿತು. ಬಳೆಯ ಸದ್ದು ನಿಂತಿತು.

"ನೀರುನಾಯಿ ಕಂಡೇನ್ರಿ," ಅಂದೆ.

ಭಾವನ ಕೈಯ ಚಹಾ ಅರ್ಧ ಜಮಖಾನೆಯ ಮೇಲೆ ಹೋಯಿತು. "ಲೇ ಹುಚ್ಚಾ!" ಎಂದು ಅವನು ಹಲ್ಲಿನ ಸಂದಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು. ಈರಪ್ಪನವರ ಮೋರೆ ಮಗ್ಗದ ಎಳೆ ಹರಿದಾಗ ನೇಕಾರನ ಮೋರೆ ಇಳಿಯುವ ಹಾಗೆ ಇಳಿಯಿತು.

"ನಾಕನೇದಾಂವ," ಎಂದರು ಆಯಿಗೆ. "ಉಪ್ಪಿಟ್ಟು ತರಸ ಯವ್ವಾ."

"ಉಪ್ಪಿಟ್ಟು ಬ್ಯಾಡ್ರಿ," ಅಂದೆ. "ನೀವು ನನ್ನ ನಂಬಬ್ಯಾಡ್ರಿ. ನಿಮ್ಮ ಜಾಗಾದಾಗ ನಾ ಇದ್ರ ನಾನೂ ನಂಬತಿದ್ದಿಲ್ಲ. ಸಾಕ್ಷಿ ಒಬ್ಬನ, ಅಂವಗ ಮಗಳು ಬೇಕಾಗ್ಯಾಳ, ಮ್ಯಾಲ ಅಂವ ವಕೀಲ. ಆದ್ರ ಕಂಡದ್ದು ಕಂಡೇನಿ."

"ಏನ ಮಾಡಾಕತ್ತಿತ್ತು?" ಈರಪ್ಪನವರ ದನಿಯಲ್ಲಿ ದಣಿವಿತ್ತು. "ಬೊಗಳತಿತ್ತೇನು?"

ಈಗ ನನಗೆ ಬಂತು ನಿಜವಾದ ಸಂಕಟ. ಹಿರಿಯರ ಮುಂದೆ, ಬಾಗಿಲ ಹಿಂದೆ ಕನ್ಯೆ ನಿಂತಿರುವಾಗ, ಹೇಳುವ ಮಾತೇ ಅದು?

"ಅದು… ತನ್ನ ಕೆಲಸ ಮಾಡಾಕತ್ತಿತ್ತರಿ."

"ಯಾವ ಕೆಲಸ? ಮೀನು ಹಿಡಿಯೂದು?"

"ಅಲ್ಲರಿ. ಮೀನು ಹಿಡಿದು, ತಿಂದು, ಎಲ್ಲಾ ಆದ ಮ್ಯಾಲ, ಮುಂಜಾನಿ… ಎಲ್ಲರೂ ಮಾಡೂ ಕೆಲಸರಿ."

ಆಯಿ ಕಿವಿಗೆ ಕೈ ಹಚ್ಚಿದಳು. "ಏನಂತಾನ ಅಂವ?"

ಭಾವ ಮೋರೆಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದ. ಆಗ ಬಾಗಿಲ ಹಿಂದಿನಿಂದ ನೀಲವ್ವನ ದನಿ ಬಂತು, ಸ್ಪಷ್ಟವಾಗಿ:

"ಎಲ್ಲೆ ಮಾಡಿತು, ಕೇಳು ಅಪ್ಪಾ."

"ನೂಲು ತೊಳಿಯೂ ಕಲ್ಲಿನ ಮ್ಯಾಲರಿ," ಅಂದೆ ನಾನು, ಬಾಗಿಲಿಗೆ.

ಆಯಿಗೆ ಇದು ಮಾತ್ರ ಕೇಳಿಸಿತು. ಕಂಬ ಬಿಟ್ಟು ಎದ್ದೇ ನಿಂತಳು. "ಆ ಕಲ್ಲ ಮ್ಯಾಲೇನು? ಕರ್ರಗ, ನಾರೂ ಅಂಥಾದ್ದು? ಒಳಗ ಮೀನಿನ ಹುರುಪಿ, ಏಡಿ ಚಿಪ್ಪು?"

ಆಮೇಲೆ ತಿಳಿದದ್ದು ಇದು. ಎಷ್ಟೋ ವರ್ಷಗಳಿಂದ ಆ ಕಲ್ಲಿನ ಮೇಲೆ ಬೆಳಗಾದರೆ ಆ ಗಲೀಜು. ಮೀನು ಮುಟ್ಟದ ಓಣಿ. ಕಲ್ಲಿನ ಮೇಲೆ ಮೀನಿನ ಹುರುಪೆ ಹೊಳೆಯುತ್ತಿದ್ದರೆ ಹೆಂಗಸರು ಏನು ತಿಳಿಯಬೇಕು? ಮೇಲಿನ ಓಣಿಯವರು ಕದ್ದು ಮೀನು ತಿಂದು, ಬೇಕೆಂದೇ ತಮ್ಮ ಕಲ್ಲಿನ ಮೇಲೆ ತೊಳೆದು ಹೋಗುತ್ತಾರೆ ಎಂದು ಆಯಿ ತೀರ್ಪು ಕೊಟ್ಟಿದ್ದಳು. ಅಂದಿನಿಂದ ಎರಡು ಓಣಿಗಳಿಗೂ ಮಾತಿಲ್ಲ. ಮೇಲಿನ ಓಣಿಯವರ ಬಾವಿಯ ನೀರು ಇವರಿಗಿಲ್ಲ, ಇವರ ಮನೆಯ ಅರಿಸಿನ ಕುಂಕುಮ ಅವರಿಗಿಲ್ಲ.

ಈರಪ್ಪನವರು ಮಾತ್ರ ಅಲುಗದೆ ಕೂತಿದ್ದರು. ಅವರ ಲೆಕ್ಕ ಬೇರೆ ಇತ್ತು. ನೀರುನಾಯಿಯನ್ನು ಆಚೆ ದಂಡೆಯಲ್ಲಿ ದುರ್ಬೀನು ಹಾಕಿ ಹುಡುಕುವ ಮೊದಲು ಅವರು ದಿನಾ ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿ ತೊಳೆದದ್ದು ಯಾರ ಗುರುತು, ಮೇಲೆ ಕೂತದ್ದು ಯಾರ ಜಾಗ, ಎಂಬುದು ಒಂದೊಂದಾಗಿ ಅವರ ಮೋರೆಯ ಮೇಲೆ ಮೂಡುತ್ತಿತ್ತು.

"ನಡೀರಿ," ಎಂದು ಎದ್ದರು. "ನೋಡೂಣು."

ಎಲ್ಲರೂ ಹೊಳೆಗೆ ಬಂದೆವು: ಈರಪ್ಪನವರು, ಕೋಲೂರಿಕೊಂಡು ಆಯಿ, ಇನ್ನೂ ನನ್ನ ಮೋರೆ ನೋಡದ ಭಾವ, ಹಿಂದೆ ನೀಲವ್ವ. ಕಲ್ಲಿನ ಮೇಲೆ ಹಳೆಯದರ ಪಕ್ಕ ಹೊಸದು, ಹುರುಪೆಗಳು ಬಿಸಿಲಿಗೆ ಜರಿಯ ಹಾಗೆ ಮಿನುಗುತ್ತಿದ್ದವು. ಕೆಸರಿನ ಅಂಚಿಗೆ ಅಗಲ ಹೆಜ್ಜೆಗಳು. ನಾನು ಒಂದು ಕಡ್ಡಿ ಹಿಡಿದು ಕೂತೆ. ನನ್ನ ಬದುಕಿನ ಮೊದಲ ಸ್ವಂತ ಮೊಕದ್ದಮೆ ಇದು. ಆದರೆ ಚಟ ನೋಡಿ! ಬಾಯಿ ತೆರೆದದ್ದೇ ನನ್ನ ವಿರುದ್ಧ ವಾದ ಶುರುವಾಯಿತು.

"ಹೆಜ್ಜಿ ನಾಯೀದೂ ಇರಬಹುದು. ಊರ ನಾಯಿ ಸತ್ತ ಮೀನು ತಿನ್ನಬಹುದು. ಆಮೇಲೆ ಇಲ್ಲೆ ಬಂದು…"

"ನಿಮ್ಮ ಪರವಾಗಿ ಮಾತಾಡ್ರಿ, ಇಲ್ಲಾಂದ್ರ ಸುಮ್ಮನಿರ್ರಿ," ಅಂದಳು ನೀಲವ್ವ. ಸೆರಗು ಬಿಗಿದು ಮುಂದೆ ಬಂದಳು. "ನಾಯಿ ಇದ್ರ ಊರ ಕಡಿಂದ ಬರಬೇಕಲ್ಲ. ಕೆಸರಾಗ ಊರ ಕಡಿಂದ ಒಂದೂ ಹೆಜ್ಜಿ ಇಲ್ಲ. ಇವು ನೀರಾಗಿಂದ ಎದ್ದು ಬಂದಾವ, ಹೊಳ್ಳಿ ನೀರಿಗೇ ಇಳದಾವ. ಯಾವ ನಾಯಿ ಹೊಳ್ಯಾಗ ಮನಿ ಮಾಡೈತಿ?"

ಆಯಿ ಬಗ್ಗಿ ಮೂಸಿದಳು. "ಇದ ವಾಸನಿ," ಎಂದಳು. ಆಮೇಲೆ ಮೇಲಿನ ಓಣಿಯ ಕಡೆ ಒಮ್ಮೆ ನೋಡಿ, ಅತ್ತಲಿಂದ ಬೇಗ ಕಣ್ಣು ತೆಗೆದಳು. ಅಷ್ಟು ವರ್ಷದ ಸಿಟ್ಟನ್ನು ಈಗ ಎಲ್ಲಿಡಬೇಕೆಂದು ತಿಳಿಯದವಳ ಹಾಗೆ.

ಈರಪ್ಪನವರು ಬಹಳ ಹೊತ್ತು ಕಲ್ಲನ್ನು ನೋಡಿದರು. ಕೊನೆಗೆ ಭಾವನ ಕಡೆ ತಿರುಗಿ, ಎದೆಯಾಳದಿಂದ ಬಂದ ನೋವಿನಲ್ಲಿ ಹೇಳಿದರು: "ನೋಡ್ರಿ ಶಿವಪ್ಪ. ಇಷ್ಟ ವರ್ಷ ನನಗ ಅದು ಮೋರಿ ತೋರಿಸಿಲ್ಲ. ಇವರಿಗೆ ಬಂದ ಮೊದಲ ದಿನ ಮುಕಳೀನೂ ತೋರಿಸೈತಿ."

ಆಯಿ ಮೊದಲು ನಕ್ಕಳು. ಆಮೇಲೆ ಭಾವ. ನೀಲವ್ವ ನೀರಿನ ಕಡೆ ಮುಖ ಮಾಡಿದ್ದಳು, ಹೆಗಲುಗಳು ಕುಣಿಯುತ್ತಿದ್ದವು. ಈರಪ್ಪನವರು ಮಾತ್ರ ನಗಲಿಲ್ಲ.

"ನೀವು ಹೇಳಿದ್ದು ಖರೆ, ಒಪ್ಪಿದೆ," ಅಂದರು ನನಗೆ. "ಆದ್ರ ಲಗ್ನದ ಮಾತು ನಾ ಅದನ್ನ ಕಂಡ ಮ್ಯಾಲ."

"ಅದ ಹ್ಯಾಂಗರಿ! ಅದಕ್ಕ ನಾ ಜಾಮೀನು ಹ್ಯಾಂಗ ಆಗಲಿ?" ಅಂದೆ. ಸುಳ್ಳು ಹೇಳಿದ ಮೂವರು ಒಂದೊಂದೇ ಬೆಳಿಗ್ಗೆಗೆ ಬಿಡುಗಡೆಯಾಗಿದ್ದರು. ಖರೆ ಹೇಳಿದ ನನಗೆ ಒಂದು ಕಾಡುಪ್ರಾಣಿಗೆ ಮತ್ತೆ ಹೊಟ್ಟೆಯ ಕರೆ ಬರುವ ತನಕ ಶಿಕ್ಷೆ.

ನೀಲವ್ವ ಅಪ್ಪನ ಕೊರಳಿನಿಂದ ದುರ್ಬೀನಿನ ಪಟ್ಟಿ ಮೆಲ್ಲಗೆ ತೆಗೆದಳು. "ಇದು ಮನ್ಯಾಗ ಇರಲಿ ಅಪ್ಪಾ. ಕಲ್ಲೂ ತೊಳಿಬ್ಯಾಡ. ನಾಳೆ ಇಬ್ಬರೂ ಅಲ್ಲೇ ಜಾಲಿಗಿಡದ ಹಿಂದ ಕುಂದ್ರಿ." ಆಮೇಲೆ ನನ್ನ ಕಡೆ ನೋಡದೆ: "ಅವರು ಸುಮ್ಮ ಕುಂದ್ರತಾರ. ಇವತ್ತ ಕುಂತಿದ್ರಲ್ಲ."

ಹೀಗೆ ಮರುದಿನ ಮತ್ತೆ ಇಬ್ಬರೂ ಕೂತೆವು. ಮಂಜು, ಬಾತುಗಳ ಗೊಣಗು, ಚಳಿ. ದುರ್ಬೀನಿಲ್ಲದ ಈರಪ್ಪನವರ ಕೈಗಳಿಗೆ ಏನು ಮಾಡಬೇಕೋ ತಿಳಿಯದೆ ಅವು ಮೊಣಕಾಲ ಮೇಲೆ ಒಂದನ್ನೊಂದು ತಿಕ್ಕುತ್ತಿದ್ದವು. ನಾನು ಸಭೆ ಕೂಡಿಸಲಿಲ್ಲ. ದೇವರಿಲ್ಲ ಎಂದು ಎರಡು ಸಲ ಕಪ್ಪು ಗೆದ್ದವನು ಆ ಬೆಳಿಗ್ಗೆ ಯಾರನ್ನೋ ಬಹಳ ಬೇಡಿಕೊಂಡೆ. ಯಾರನ್ನು ಎಂದು ನನ್ನನ್ನು ಕೇಳಬೇಡಿ.

ಬಿಸಿಲು ಕಲ್ಲಿಗೆ ಮುಟ್ಟುವ ಹೊತ್ತಿಗೆ ನೀರು ಒಂದು ಕಡೆ ಉಬ್ಬಿತು. ಮೀಸೆ ಎದ್ದಿತು. ಕಲ್ಲೇರಿ ಮೈ ಕೊಡವಿತು. ಈ ಸಲ ಮೋರೆ ನಮ್ಮ ಕಡೆಗೇ ಇತ್ತು. ಕರಿಯ ಮೂಗು, ಸಣ್ಣ ಕಣ್ಣು, ಒಂದು ಏಡಿಯ ಕಾಲು ಇನ್ನೂ ಬಾಯಂಚಿಗೆ ಜೋತಾಡುತ್ತಿತ್ತು. ನಾನು ಕಲ್ಲಾಗಿದ್ದೆ. ನನ್ನ ಪಕ್ಕದಲ್ಲಿ ಏನೋ ಹಿಗ್ಗಿದಂತಾಯಿತು.

"ಯಪ್ಪಾ! ಬಂತೋ! ಬಂತಲ್ಲೋ!"

ಈರಪ್ಪನವರು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಹೊಳೆಯ ಆಚೆ ದಂಡೆಗೂ ಕೇಳುವಂತೆ ಕೂಗಿದ್ದರು. ಆಪಿನಿಂದ ಬಾತುಗಳ ಹಿಂಡು ಬಡಬಡಿಸಿ ಎದ್ದಿತು, ಬೆಳ್ಳಕ್ಕಿಗಳು ಚೆದುರಿದವು. ಕಲ್ಲಿನ ಮೇಲೆ ಒದ್ದೆಯ ಒಂದು ಗುರುತು ಮಾತ್ರ ಇತ್ತು. ಅವರ ಕಾಲು ಜಾರಿತು. ಕೆಸರಿನಲ್ಲಿ ದೊಪ್ಪನೆ ಕೂತರು.

ಅವರ ಕಣ್ಣಲ್ಲಿ ನೀರಿತ್ತು, ಬಾಯಿ ಇನ್ನೂ ಅರ್ಧ ತೆರೆದೇ ಇತ್ತು.

"ವಕೀಲರ," ಅಂದರು ಕೊನೆಗೆ. "ನಾ ಚೀರಿದ್ದು ಮನ್ಯಾಗ ಹೇಳಬ್ಯಾಡ್ರಿ."

"ಹೇಳೂದಿಲ್ಲರಿ. ಲಗ್ನ ಯಾವಾಗರಿ?"

ಅವರು ನನ್ನನ್ನು ನೋಡಿದರು. "ಇದು ಲಂಚ ಆತಲ್ಲ?"

"ಅಲ್ಲರಿ. ಕೋರ್ಟಿನಾಗ ಇದಕ್ಕ ರಾಜಿ ಅಂತಾರ."

ಎರಡು ಸಲ ಕಣ್ಣು ಮಿಟುಕಿಸಿದರು. ನಾನು ಚಾಚಿದ ಕೈ ಹಿಡಿದು ಎದ್ದು, ಧೋತರದ ಕೆಸರನ್ನು ಹಿಂಡಿದರು.

"ಮುಂದಿನ ತಿಂಗಳ ಮುಹೂರ್ತ ಅವ," ಅಂದರು ಪಿಸುದನಿಯಲ್ಲಿ, ನೀರಿನ ಮೇಲಿನಿಂದ ಕಣ್ಣು ತೆಗೆಯದೆಯೇ.